ಮಲಾವಿಯ ಹಳ್ಳಿ ಹುಡುಗಿಯರ ಓದಿಗೆ ನಮ್ಮ ಸಂಘದಿಂದ ಸಹಾಯ: ಹೇಗೆ ಮಾಡೋದು?

ಪ್ರಶ್ನೆ: ಸ್ತ್ರೀಶಕ್ತಿ ಸಂಘದ ಸದಸ್ಯೆ, ಗೌರಿಬಿದನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ಮಗ ಆಫ್ರಿಕಾದ ಮಲಾವಿ ದೇಶದ ಲಿಲಾಂಗ್ವೆಯಲ್ಲಿ ಒಂದು ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾನೆ. ಅಲ್ಲಿಂದ ದಕ್ಷಿಣಕ್ಕೆ ಡೆಡ್ಜಾ ಅನ್ನೋ ಜಿಲ್ಲೆ ಇದೆಯಂತೆ. ಅಲ್ಲಿನ ಒಂದು ಹಳ್ಳಿಯಲ್ಲಿ ಕೆಲವು ಮೇಷ್ಟ್ರುಗಳು, ತಾಯಂದಿರು ಸೇರಿ ಚಿಕ್ಕ ಟ್ರಸ್ಟ್ ಮಾಡಿಕೊಂಡು ಹೆಣ್ಣುಮಕ್ಕಳನ್ನು ಹೈಸ್ಕೂಲ್ ಓದಿಸುತ್ತಿದ್ದಾರೆ. ಅವನು ಕಳಿಸಿದ ಫೋಟೋಗಳನ್ನು ಸಂಘದ ಮೀಟಿಂಗಿನಲ್ಲಿ ತೋರಿಸಿದೆ. ಹತ್ತು ಜನ ತಿಂಗಳಿಗೆ 200 ರೂಪಾಯಿ ಹಾಕೋಣ ಅಂತ ಒಪ್ಪಿದ್ದೇವೆ. ಎಲ್ಲರದ್ದೂ ಹಾಲಿನ ದುಡ್ಡು. ಒಂದು ರೂಪಾಯಿಯೂ ದಂಡ ಆಗಬಾರದು.

ದುಡ್ಡು ಕಳಿಸೋದಾ, ಇಲ್ಲಾ ನೋಟ್‌ಬುಕ್, ಬಟ್ಟೆ ಪಾರ್ಸಲ್ ಮಾಡೋದಾ? ನಮ್ಮಂಥವರು ಹೊರದೇಶಕ್ಕೆ ಕಳಿಸಬಹುದಾ? ಇನ್ನೊಂದು, "ಇಲ್ಲೇ ಬಡವರಿಲ್ವಾ" ಅಂತ ಮನೆಯಲ್ಲೂ ಕೇಳುತ್ತಿದ್ದಾರೆ.

ಉತ್ತರ: ನಿವೃತ್ತ ಗಣಿತ ಮೇಷ್ಟ್ರು, ಕೋಲಾರ

ಅಮ್ಮ, ನಿಮ್ಮ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ಡೆಡ್ಜಾದ ಒಂದು ಹೈಸ್ಕೂಲಿನಲ್ಲಿ ನಾನು ಕೆಲವು ವರ್ಷ ಪಾಠ ಮಾಡಿದ್ದೇನೆ. ಎತ್ತರದ, ತಂಪು ಜಾಗ. ನಮ್ಮ ಕಡೆಯವರ ಹಾಗೇ ಆಲೂಗಡ್ಡೆ ಬೆಳೆಯುತ್ತಾರೆ. ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ, ಥೇಟ್ ನಮ್ಮ ಮುದ್ದೆ.

ಪಾರ್ಸಲ್ ಬೇಡ. ಮಲಾವಿಗೆ ಸಮುದ್ರ ಇಲ್ಲ. ಹಡಗಿನ ಸಾಮಾನು ಮೊಜಾಂಬಿಕ್‌ನ ಬೈರಾ, ನಕಾಲಾ ಥರದ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲೋ ರೈಲಿನಲ್ಲೋ ಹೋಗಬೇಕು. ಸಾಗಣೆ ಖರ್ಚೇ ನೋಟ್‌ಬುಕ್‌ಗಿಂತ ಜಾಸ್ತಿ ಆದೀತು. ಹಳೇ ಬಟ್ಟೆ ಅಲ್ಲಿನ ಸಂತೆಗಳಲ್ಲಿ ರಾಶಿ ಬಿದ್ದಿರುತ್ತದೆ. ಯೂನಿಫಾರ್ಮನ್ನು ಆ ಊರಿನ ದರ್ಜಿಯೇ ಹೊಲಿಯಲಿ, ಅವನ ಮನೆಗೂ ನಾಲ್ಕು ಕಾಸು ಸೇರುತ್ತದೆ.

ಓದು ಎಲ್ಲಿ ನಿಲ್ಲುತ್ತದೆ ಅಂತ ಮೊದಲು ನೋಡಿ. 1994ರಲ್ಲಿ ಅಲ್ಲಿ ಪ್ರೈಮರಿ ಫೀಸ್ ತೆಗೆದರು. ಸುಮಾರು 19 ಲಕ್ಷ ಇದ್ದ ಮಕ್ಕಳು 30 ಲಕ್ಷದ ಹತ್ತಿರಕ್ಕೆ ಬಂದರು. ಮರದ ಕೆಳಗೂ ಕ್ಲಾಸು ನಡೆಯಿತು. ಪ್ರೈಮರಿ 8 ವರ್ಷ, ಆಮೇಲೆ ಪರೀಕ್ಷೆ. ಪಾಸಾದರೂ ಹೈಸ್ಕೂಲ್ ದೂರ. ದಿನಾ ನಡೆಯೋಕೆ ಆಗದ ಹುಡುಗಿಯರು ಶಾಲೆ ಹತ್ತಿರ ರೂಮು ಹಿಡಿದು, ತಾವೇ ಬೇಯಿಸಿಕೊಂಡು ಓದುತ್ತಾರೆ. ಜೊತೆಗೆ ದೊಡ್ಡವರು ಯಾರೂ ಇರೋದಿಲ್ಲ. ನನ್ನ ಕ್ಲಾಸಿನಲ್ಲಿ ಲೆಕ್ಕಕ್ಕೆ ಎಲ್ಲರಿಗಿಂತ ಮುಂದಿದ್ದ ಹುಡುಗಿ ಒಂದು ಜನವರಿಯಲ್ಲಿ ಬರೋದು ನಿಲ್ಲಿಸಿದಳು. ಆ ಹೊತ್ತಿಗೆ ಮನೆಯಲ್ಲಿ ಹಳೇ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸ ಬೆಳೆ ಕೈಗೆ ಬರೋದು ಏಪ್ರಿಲ್ ಹೊತ್ತಿಗೆ. ಊರಿಂದ ಹಿಟ್ಟು ಬರಲಿಲ್ಲ, ಅಷ್ಟೇ ಕಾರಣ. 2018ರಲ್ಲಿ ಸರ್ಕಾರಿ ಹೈಸ್ಕೂಲಿನ ಟ್ಯೂಷನ್ ಫೀಸನ್ನೂ ತೆಗೆದರು. ಆದರೆ ಬಾಡಿಗೆ, ಹಿಟ್ಟು, ಸೋಪು ಮನೆಯವರ ತಲೆ ಮೇಲೇ ಉಳಿಯಿತು.

ಅದಕ್ಕೇ ಕೈಮುಗಿದು ಹೇಳುತ್ತೇನೆ, ಒಬ್ಬ ಹುಡುಗಿಯನ್ನು ಒಪ್ಪಿಕೊಂಡರೆ ಹೈಸ್ಕೂಲಿನ ನಾಲ್ಕೂ ವರ್ಷ ಕೈಬಿಡಬೇಡಿ. ವರ್ಷಕ್ಕೆ 3 ಟರ್ಮ್, ಒಟ್ಟು 12. ಬಾಡಿಗೆ, ಊಟ ಎಲ್ಲಾ ಸೇರಿ ಒಬ್ಬಳಿಗೆ 12 ಟರ್ಮಿಗೆ ಎಷ್ಟು ಅಂತ ಟ್ರಸ್ಟಿನವರಿಂದ ಬರೆಸಿಕೊಳ್ಳಿ. ನಿಮ್ಮದು ವರ್ಷಕ್ಕೆ 24,000. ಪೂರ್ತಿ ಓದಿಸೋಕೆ ಆಗುವಷ್ಟು ಜನರನ್ನೇ ತೆಗೆದುಕೊಳ್ಳಿ, ಒಬ್ಬಳೇ ಆದರೂ ಸರಿ. ಇಪ್ಪತ್ತು ಹುಡುಗಿಯರಿಗೆ ಬ್ಯಾಗು ಹಂಚಿದರೆ ಮುಂದಿನ ವರ್ಷದ ಬಾಡಿಗೆ ಯಾರು ಕಟ್ಟುತ್ತಾರೆ? ಒಂದು ಪಾಲು ಎತ್ತಿಡಿ. 2023ರ ನವೆಂಬರಿನಲ್ಲಿ ಅಲ್ಲಿನ ನಾಣ್ಯ ಕ್ವಾಚಾದ ಬೆಲೆಯನ್ನು ಒಂದೇ ಏಟಿಗೆ ಶೇ 44ರಷ್ಟು ಇಳಿಸಿದರು. ಅಂಥ ಹೊತ್ತಲ್ಲಿ ಹಳೇ ಲೆಕ್ಕ ನಿಲ್ಲೋದಿಲ್ಲ.

ಯಾರನ್ನು ಆರಿಸಬೇಕು ಅನ್ನೋದನ್ನು ಶಾಲೆಯ ತಾಯಂದಿರ ಗುಂಪಿಗೇ ಬಿಡಿ. ಶಾಲೆ ಬಿಟ್ಟವಳ ಮನೆಗೆ ಹೋಗಿ ಕರೆತರೋರು ಅವರೇ. ಪರಂಪರೆಯಿಂದ ಬಂದ ಊರ ಮುಖ್ಯಸ್ಥರ ಮಾತಿಗೂ ಅಲ್ಲಿ ಬೆಲೆ ಇದೆ. ಅದೇ ಡೆಡ್ಜಾದ ಮುಖ್ಯಸ್ಥೆ ಟೆರೆಸಾ ಕಚಿಂಡಮೋಟೊ 850ಕ್ಕೂ ಹೆಚ್ಚು ಬಾಲ್ಯವಿವಾಹಗಳನ್ನು ರದ್ದು ಮಾಡಿಸಿ ಮಕ್ಕಳನ್ನು ಮತ್ತೆ ಶಾಲೆಗೆ ಕಳಿಸಿದರು.

ಉತ್ತರ: ಬ್ಯಾಂಕ್ ನೌಕರ, ತುಮಕೂರು

ಮೇಡಂ, ಕಳಿಸಬಹುದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸೋ ಯೋಜನೆ) ಪ್ರಕಾರ ಒಬ್ಬ ವ್ಯಕ್ತಿ ಹಣಕಾಸು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು, ದಾನವೂ ಅದರಲ್ಲಿ ಸೇರುತ್ತದೆ. ಆದರೆ ಅದು ವ್ಯಕ್ತಿಗಳಿಗೆ ಮಾತ್ರ, ಸಂಘದ ಖಾತೆಯಿಂದ ಆಗೋದಿಲ್ಲ. ಪ್ಯಾನ್ ಇರುವ ಸದಸ್ಯೆಯ ಖಾತೆಯಿಂದ ಹೊರದೇಶಕ್ಕೆ ಹಣ ಕಳಿಸೋಕೆ ಬ್ಯಾಂಕಿಗೆ ಕೊಡುವ ಎ2 ಫಾರ್ಮ್ ತುಂಬಿ ಕಳಿಸಿ. ಅಕ್ಕನ ಮಗನ ಖಾತೆಗೆ ಬೇಡ, ನೇರವಾಗಿ ಟ್ರಸ್ಟಿನ ಖಾತೆಗೇ ಹೋಗಲಿ. ಪ್ರತಿ ಸಲ ಬ್ಯಾಂಕ್ ಶುಲ್ಕ ಬೀಳುತ್ತದೆ, ಆದ್ದರಿಂದ ಟರ್ಮಿಗೆ ಒಂದೇ ಸಲ ಕಳಿಸಿ. ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಇದಕ್ಕೆ ಸಿಗೋದಿಲ್ಲ.

ಉತ್ತರ: ಸಿದ್ಧಗಂಗಾ ಮಠದ ಹಳೇ ವಿದ್ಯಾರ್ಥಿ, ಶಿರಾ

"ಇಲ್ಲೇ ಬಡವರಿಲ್ವಾ" ಅನ್ನೋರಿಗೆ ನನ್ನ ಉತ್ತರ ಇದು ಅಕ್ಕ. ಮಠದಲ್ಲಿ ನಾನು ಉಂಡ ರಾಗಿ ಯಾವುದೋ ರೈತ ಕೊಟ್ಟದ್ದು. ನನ್ನ ಪಕ್ಕ ಕೂತು ಉಣ್ಣುತ್ತಿದ್ದ ಹುಡುಗ ಬೇರೆ ಜಿಲ್ಲೆಯವನು. ರಾಗಿ ಕೊಟ್ಟವರು ನಮ್ಮ ಊರು ಕೇಳಲಿಲ್ಲ. ಇಲ್ಲಿಗೂ ಕೊಡಿ, ಅಲ್ಲಿಗೂ ಕೊಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಆ ಹುಡುಗಿಯಿಂದ ಪತ್ರ, ಫೋಟೋ ತರಿಸಿಕೊಳ್ಳಬೇಕು ಅಂತ ನಮ್ಮವರ ಆಸೆ. ಕೇಳಬಹುದಾ?

ನಿವೃತ್ತ ಗಣಿತ ಮೇಷ್ಟ್ರು, ಕೋಲಾರ

ಕೇಳಬೇಡಿ ಅಮ್ಮ. ಅವಳಾಗಿ ಬರೆದರೆ ಓದಿ ಸಂತೋಷಪಡಿ. ಊಟ ಕೊಟ್ಟವರಿಗೆ ಪತ್ರ ಬರೆಯಲೇಬೇಕು ಅನ್ನೋ ಭಾರ ಆ ವಯಸ್ಸಿಗೆ ಬೇಡ. ಪ್ರತಿ ಟರ್ಮಿಗೆ ಹಾಜರಿ, ಅಂಕಪಟ್ಟಿ, ಬಾಡಿಗೆ ಕಟ್ಟಿದ ರಸೀದಿ, ಈ ಮೂರನ್ನು ಟ್ರಸ್ಟಿನವರಿಂದ ಕೇಳಿ. ಸಂಘದ ಪುಸ್ತಕದಲ್ಲಿ ಅಂಟಿಸಿಡಿ. ಹಾಜರಿ ಕಡಿಮೆಯಾದರೆ ಬೈದು ಬರೆಯಬೇಡಿ, ಮನೆಯಲ್ಲಿ ಹಿಟ್ಟು ಇದೆಯಾ ಅಂತ ಮೊದಲು ಕೇಳಿಸಿ.