ಮಣ್ಣು ಎಲ್ಲಿಗೆ ಹೋಯಿತು? ಮಕ್ಕಳಿಗೆ ಸವೆತ ಕಲಿಸುವ ಬಗ್ಗೆ ಭೂವಿಜ್ಞಾನಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಶಿಕ್ಷಕಿ): ಮೇಡಂ, ನಾನು ನಾಲ್ಕು ಮತ್ತು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಗಾಳಿ, ನೀರು, ಮಂಜುಗಡ್ಡೆ ನೆಲವನ್ನು ಹೇಗೆ ಸವೆಸುತ್ತವೆ ಅನ್ನುವ ಪಾಠ ಈಗ ನಡೆಯುತ್ತಿದೆ. ಟ್ರೇನಲ್ಲಿ ಮಣ್ಣು ಗುಡ್ಡೆ ಹಾಕಿ, ಮೇಲಿಂದ ಒಂದು ಮಗ್ ನೀರು ಸುರಿದೆ. ಎರಡೇ ಸೆಕೆಂಡಿನಲ್ಲಿ ಎಲ್ಲ ಕೆಸರು. ಮಕ್ಕಳಿಗೆ ಖುಷಿಯಾಯಿತು, ಆದರೆ ಏನು ನೋಡಿದಿರಿ ಅಂತ ಕೇಳಿದರೆ "ಗುಡ್ಡ ಬಿದ್ದುಹೋಯ್ತು ಮಿಸ್" ಅಂದರು, ಅಷ್ಟೇ. ಮರಳಿನ ಮೇಲೆ ಐಸ್ ತುಂಡು ಇಟ್ಟೆ, ಅದು ಕರಗಿ ಮರಳು ಸುಮ್ನೆ ಒದ್ದೆಯಾಯಿತು. ಹೇಗೆ ಸರಿಮಾಡಲಿ?

ಉತ್ತರ: ನಮಸ್ಕಾರ ಮೇಡಂ. ನದಿಗಳು ಹೊತ್ತು ತರುವ ಹೂಳನ್ನು ಓದುವುದು ನನ್ನ ಕೆಲಸ, ಮಕ್ಕಳಿಗೆ ಇದನ್ನು ತೋರಿಸುವುದು ನನಗೆ ತುಂಬ ಇಷ್ಟದ ವಿಷಯ. ನಿಮ್ಮ ಟ್ರೇ ಸರಿಯಾಗಿದೆ. ನೀರು ಜಾಸ್ತಿ ಆಯಿತು, ಕೇಳಿದ ಪ್ರಶ್ನೆಯೂ ಸ್ವಲ್ಪ ಬದಲಾಗಬೇಕು. "ಏನಾಯಿತು" ಅಂತ ಕೇಳಿದರೆ ಮಕ್ಕಳು ಕೊನೆಯ ದೃಶ್ಯವನ್ನು ಹೇಳುತ್ತಾರೆ. "ಇಲ್ಲಿದ್ದ ಮಣ್ಣು ಎಲ್ಲಿಗೆ ಹೋಯಿತು" ಅಂತ ಕೇಳಿ ನೋಡಿ. ಆಗ ಹುಡುಕಲು ಶುರು ಮಾಡುತ್ತಾರೆ.

ಮೊದಲು ಮಣ್ಣು ಸಿದ್ಧಮಾಡಿ. ಮರಳು, ಸಾಮಾನ್ಯ ಮಣ್ಣು, ಒಂದು ಹಿಡಿ ಸಣ್ಣ ಕಲ್ಲು ಕಲಸಿ, ಸ್ವಲ್ಪ ತೇವ ಮಾಡಿ, ಟ್ರೇಯ ಮೇಲಿನ ಅರ್ಧಕ್ಕೆ ಮಾತ್ರ ಹರಡಿ ಕೈಯಿಂದ ಗಟ್ಟಿಯಾಗಿ ಒತ್ತಿ. ಕೆಳಗಿನ ಅರ್ಧ ಖಾಲಿ ಇರಲಿ, ಇದು ತುಂಬ ಮುಖ್ಯ, ಯಾಕೆಂದರೆ ಮಣ್ಣು ಬಂದು ಕೂರಲು ಜಾಗ ಬೇಕಲ್ವಾ? ಟ್ರೇಯ ಮೇಲಿನ ತುದಿಗೆ ಎರಡು ಬೆರಳು ದಪ್ಪದ ಪುಸ್ತಕ ಕೊಟ್ಟು ಎತ್ತರಿಸಿ. ಒಂದು ಪೇಪರ್ ಕಪ್ಪಿನ ತಳಕ್ಕೆ ಗುಂಡುಸೂಜಿಯಿಂದ ಒಂದೇ ತೂತು ಮಾಡಿ, ಅದರಿಂದ ನೀರು ಒಂದೇ ಕಡೆ ತೊಟ್ಟಿಕ್ಕಲಿ. ಹತ್ತು ನಿಮಿಷ ಬಿಡಿ.

ಮೊದಲ ಒಂದೆರಡು ನಿಮಿಷ ಏನೂ ಆಗುವುದಿಲ್ಲ. ನೀರು ಮಣ್ಣೊಳಗೆ ಇಳಿಯುತ್ತಿರುತ್ತದೆ. ಆಮೇಲೆ ಕೂದಲೆಳೆಯಂಥ ಒಂದು ಕೊರಕಲು ಕಾಣಿಸುತ್ತದೆ. ಅದು ಆಳವಾಗುತ್ತದೆ, ದಡ ಕುಸಿಯುತ್ತದೆ, ಕುಸಿದ ಮಣ್ಣು ಕೆಳಗೆ ಹೋಗುತ್ತದೆ, ಟ್ರೇಯ ಖಾಲಿ ಜಾಗದಲ್ಲಿ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತದೆ. ಈಗ ಮಕ್ಕಳ ಕೈಗೆ ಭೂತಗನ್ನಡಿ ಕೊಡಿ. ಕಲ್ಲುಗಳು ಹೆಚ್ಚುಕಡಿಮೆ ಇದ್ದಲ್ಲೇ ಇವೆ. ಮರಳು ಬೀಸಣಿಗೆಯಲ್ಲಿದೆ. ಸಣ್ಣ ಜೇಡಿ ಕಣಗಳು ಕೊನೆಯ ಕಲಕು ನೀರಿನಲ್ಲಿವೆ. ನೀರು ಮಣ್ಣನ್ನು ಒಯ್ದದ್ದಷ್ಟೇ ಅಲ್ಲ, ಜರಡಿ ಹಿಡಿದ ಹಾಗೆ ಬೇರೆ ಬೇರೆ ಮಾಡಿದೆ. ಒಂದು ಮಗು ಇದನ್ನು ತಾನೇ ಕಂಡು ಹೇಳಿದರೆ ಅವತ್ತಿನ ಪಾಠ ಅಲ್ಲಿಗೇ ನಿಲ್ಲಿಸಿದರೂ ಪರವಾಗಿಲ್ಲ. ಅದೇ ಕಲಕು ನೀರನ್ನು ಬಾಟಲಿಗೆ ತುಂಬಿ ಕಿಟಕಿಯಲ್ಲಿಡಿ. ಜೇಡಿ ತಳಕ್ಕೆ ಇಳಿಯಲು ಎಷ್ಟೋ ಗಂಟೆ ಹಿಡಿಯುತ್ತದೆ, ಕೆಲವೊಮ್ಮೆ ಒಂದು ದಿನವೂ ಸಾಲುವುದಿಲ್ಲ. ಸಮುದ್ರದ ತನಕ ಹೋಗುವುದು ಯಾಕೆ ಬಹುಪಾಲು ಈ ನುಣುಪು ಕಣಗಳೇ ಅನ್ನುವುದು ಅದನ್ನು ನೋಡಿದರೇ ಗೊತ್ತಾಗುತ್ತದೆ.

ಆಮೇಲೆ ತೂತು ದೊಡ್ಡದು ಮಾಡಿ ಮತ್ತೆ ಬಿಡಿ. ಕಲ್ಲುಗಳೂ ಉರುಳತೊಡಗುತ್ತವೆ. ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಹೆಚ್ಚುಕಡಿಮೆ 64 ಪಟ್ಟು ಆಗುತ್ತದೆ ಅನ್ನುವ ಹಳೆಯ ಲೆಕ್ಕ ಒಂದಿದೆ. ವರ್ಷವಿಡೀ ಸುಮ್ಮನಿದ್ದ ಹೊಳೆ ಒಂದೇ ನೆರೆಯಲ್ಲಿ ಮನೆಯಷ್ಟು ದೊಡ್ಡ ಬಂಡೆಯನ್ನು ಸರಿಸುವುದು ಹೀಗೆ.

ಪ್ರಶ್ನೆ (ಅದೇ ಶಿಕ್ಷಕಿ): ತುಂಬ ಚೆನ್ನಾಗಿದೆ ಮೇಡಂ. ಆದರೆ ಒಬ್ಬ ಹುಡುಗ ಕೇಳಿದ, "ನೀರು ಮೆತ್ತಗೆ ಇದೆ, ಕಲ್ಲು ಗಟ್ಟಿ ಇದೆ, ಮತ್ತೆ ಹೇಗೆ ಕೊರೆಯುತ್ತೆ?" ನಾನು ತುಂಬ ವರ್ಷ ಹರಿದರೆ ಕೊರೆಯುತ್ತದೆ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ.

ಉತ್ತರ: ಆ ಹುಡುಗನಿಗೆ ನನ್ನ ಮೆಚ್ಚುಗೆ ತಿಳಿಸಿ. ಅವನು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ. "ತುಂಬ ವರ್ಷ" ಅನ್ನುವುದು ಸುಳ್ಳಲ್ಲ, ಆದರೆ ಅದು ಅರ್ಧ ಉತ್ತರ. ಗಟ್ಟಿ ಬಂಡೆಯನ್ನು ಕೊರೆಯುವ ಕೆಲಸದಲ್ಲಿ ದೊಡ್ಡ ಪಾಲು ನೀರು ಹೊತ್ತ ಮರಳು, ಕಲ್ಲುಗಳದ್ದು. ಗಾಳಿಯಲ್ಲೂ ಹಾಗೇ, ಮಂಜುಗಡ್ಡೆಯಲ್ಲೂ ಹಾಗೇ. ಮೂವರೂ ಉಪಕರಣ ಹಿಡಿದ ಕೆಲಸಗಾರರು ಅಂತ ಹೇಳಿ, ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ.

ಇದನ್ನು ಕೈಯಲ್ಲೇ ತೋರಿಸಬಹುದು. ಎರಡು ಪ್ಲಾಸ್ಟಿಕ್ ಬಾಟಲಿಗೆ ಅರ್ಧ ನೀರು, ಒಂದೇ ಅಳತೆಯ ಮೂರು ಮೂರು ಸೀಮೆಸುಣ್ಣದ ತುಂಡು ಹಾಕಿ. ಒಂದರಲ್ಲಿ ಅಷ್ಟೇ. ಇನ್ನೊಂದರಲ್ಲಿ ಜತೆಗೆ ಒಂದು ಹಿಡಿ ಒರಟು ಕಲ್ಲು. ಇಬ್ಬರು ಮಕ್ಕಳು ಎರಡನ್ನೂ ಒಂದೇ ಲೆಕ್ಕದಲ್ಲಿ 200 ಸಲ ಕುಲುಕಲಿ. ಕಲ್ಲು ಹಾಕಿದ ಬಾಟಲಿಯಲ್ಲಿ ಸೀಮೆಸುಣ್ಣ ಗುಂಡಗಾಗಿ ಚಿಕ್ಕದಾಗಿರುತ್ತದೆ, ನೀರು ಹಾಲಿನಂತಾಗಿರುತ್ತದೆ. ಹೊಳೆಯ ಕಲ್ಲು ಯಾಕೆ ನುಣುಪು ಅನ್ನುವುದಕ್ಕೂ ಉತ್ತರ ಅಲ್ಲೇ ಸಿಗುತ್ತದೆ. ಹೊಡೆಸಿಕೊಂಡ ಕಲ್ಲಷ್ಟೇ ಅಲ್ಲ, ಹೊಡೆದ ಕಲ್ಲೂ ಸವೆಯುತ್ತದೆ.

ಸುಣ್ಣದ ಕಲ್ಲಿನಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಸ್ವಲ್ಪ ಹುಳಿಯಾದ ಮಳೆನೀರು ಕಲ್ಲನ್ನು ಕರಗಿಸಿಬಿಡುತ್ತದೆ, ಗುಹೆಗಳಾಗುವುದು ಹಾಗೆ.

ಪ್ರಶ್ನೆ (ಒಬ್ಬ ತಂದೆ): ಮೇಡಂ, ಐಸ್ ಬಗ್ಗೆ ಹೇಳಿ. ಮಗಳು ಹಿಮನದಿ ಅಂದರೆ ಹೆಪ್ಪುಗಟ್ಟಿ ನಿಂತ ನದಿ ಅಂದುಕೊಂಡಿದ್ದಾಳೆ. ನಿಜ ಹೇಳಬೇಕೆಂದರೆ ನಾನೂ ಹಾಗೇ ಅಂದುಕೊಂಡಿದ್ದೆ.

ಉತ್ತರ: ತುಂಬ ಜನ ಹಾಗೇ ಅಂದುಕೊಳ್ಳುತ್ತಾರೆ ಸರ್, ಹೆಸರೇ ಹಾಗಿದೆ. ಹಿಮನದಿ ಶುರುವಾಗುವುದು ನದಿಯಿಂದ ಅಲ್ಲ, ಹಿಮದಿಂದ. ಬಿದ್ದ ಹಿಮ ಬೇಸಿಗೆಯಲ್ಲೂ ಪೂರ್ತಿ ಕರಗದೆ, ವರ್ಷ ವರ್ಷ ಒಂದರ ಮೇಲೊಂದು ಕೂತು, ತನ್ನದೇ ಭಾರಕ್ಕೆ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಸಾಕಷ್ಟು ದಪ್ಪವಾದ ಮೇಲೆ ಅದು ಇಳಿಜಾರಿನಲ್ಲಿ ಸರಿಯತೊಡಗುತ್ತದೆ. ಬಹಳಷ್ಟು ಹಿಮನದಿಗಳು ದಿನಕ್ಕೆ ಒಂದು ಮೀಟರ್ ಕೂಡ ಸರಿಯುವುದಿಲ್ಲ. ಆದರೆ ಗ್ರೀನ್‌ಲ್ಯಾಂಡಿನ ಯಾಕೊಬ್ಸ್‌ಹಾವ್ನ್ ಹಿಮನದಿ 2012ರ ಬೇಸಿಗೆಯಲ್ಲಿ ದಿನಕ್ಕೆ 40 ಮೀಟರಿಗೂ ಜಾಸ್ತಿ ಸರಿದದ್ದನ್ನು ಅಳೆದಿದ್ದಾರೆ.

ಮೇಲೆ ಮೇಡಂ ಮಾಡಿದ ಐಸ್ ಪ್ರಯೋಗ ಕೈಕೊಟ್ಟದ್ದು ಎರಡು ಕಾರಣಕ್ಕೆ. ಐಸ್ ನಿಂತಿತ್ತು, ಅದರ ತಳ ಬರಿದಾಗಿತ್ತು. ಹೀಗೆ ಮಾಡಿ: ಒಂದು ಪ್ಲಾಸ್ಟಿಕ್ ಲೋಟದ ತಳಕ್ಕೆ ಬೆರಳು ದಪ್ಪ ಮರಳು, ಚೂಪು ಕಲ್ಲು ಹಾಕಿ, ಮೇಲೆ ನೀರು ತುಂಬಿ ಫ್ರೀಜರಿನಲ್ಲಿಡಿ. ಬರೀ ನೀರಿನದೂ ಒಂದು ಮಾಡಿಕೊಳ್ಳಿ. ಒಂದು ಹಳೆಯ ಸೋಪಿನ ಬಿಲ್ಲೆ ಅಥವಾ ಒತ್ತಿ ಸಪಾಟು ಮಾಡಿದ ಜೇಡಿಮಣ್ಣಿನ ಮೇಲೆ ಮೊದಲು ಬರೀ ಐಸನ್ನು ಒತ್ತಿ ಎಳೆಯಲಿ, ಜಾರಿಕೊಂಡು ಹೋಗುತ್ತದೆ. ಆಮೇಲೆ ಕಲ್ಲು ಹಿಡಿದ ಐಸನ್ನು ಎಳೆಯಲಿ. ಉದ್ದುದ್ದ ಗೀರುಗಳು ಬೀಳುತ್ತವೆ, ಎಲ್ಲವೂ ಒಂದೇ ದಿಕ್ಕಿಗೆ. ಭೂವಿಜ್ಞಾನಿಗಳು ಬಂಡೆಯ ಮೇಲೆ ಹುಡುಕುವುದು ಇದೇ ಗೀರುಗಳನ್ನು. ಐಸ್ ಕರಗಿ ಸಾವಿರಾರು ವರ್ಷವಾದರೂ ಅದು ಎತ್ತ ಸರಿಯಿತು ಅಂತ ಗೀರು ಹೇಳುತ್ತದೆ. ನನಗೆ ಇವತ್ತಿಗೂ ಅಂಥ ಬಂಡೆ ಕಂಡರೆ ಬೆರಳಿಟ್ಟು ಸವರದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಕೊನೆಗೆ ಆ ಐಸನ್ನು ಹಾಗೇ ಬಿಟ್ಟು ಕರಗಲಿ. ಒಂದು ಗುಪ್ಪೆ ಉಳಿಯುತ್ತದೆ, ದೊಡ್ಡ ಕಲ್ಲು, ಮರಳು, ಪುಡಿ ಎಲ್ಲ ಕಲಸಿಕೊಂಡು. ಇದನ್ನು ಮೊನ್ನೆಯ ನೀರಿನ ಬೀಸಣಿಗೆಯ ಪಕ್ಕ ಇಟ್ಟು ಯಾವುದು ನೀರು ಬಿಟ್ಟದ್ದು, ಯಾವುದು ಐಸ್ ಬಿಟ್ಟದ್ದು ಅಂತ ಕೇಳಿ. ನೀರು ಬೇರ್ಪಡಿಸುತ್ತದೆ, ಐಸ್ ಬೇರ್ಪಡಿಸುವುದಿಲ್ಲ. ಇದೊಂದು ಗುರುತು ಸಿಕ್ಕರೆ ಮಗು ಅಪರಿಚಿತ ಕಣಿವೆಯ ಚಿತ್ರವನ್ನೂ ಓದಲು ಹೊರಡುತ್ತದೆ. ನಾರ್ವೆಯ ಸೋಗ್ನೆಫ್ಯೋರ್ಡ್ ಚಿತ್ರ ತೋರಿಸಿ. ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿ ಆದದ್ದು ಅದು, 200 ಕಿ.ಮೀ.ಗೂ ಉದ್ದ, ಕೆಲವೆಡೆ 1,300 ಮೀಟರ್ ಆಳ. ಕೆನಡಾದ ಲೂಯಿಸ್ ಸರೋವರದ ತಿಳಿನೀಲಿ ಹಸಿರು ಬಣ್ಣವೂ ಹಿಮನದಿಯದ್ದೇ ಕೆಲಸ. ಅದು ಅರೆದ ಬಂಡೆಯ ನುಣ್ಣನೆಯ ಪುಡಿ ನೀರಿನಲ್ಲಿ ತೇಲುತ್ತ ಬೆಳಕನ್ನು ಚದುರಿಸುತ್ತದೆ.

ಪ್ರಶ್ನೆ (ಇನ್ನೊಬ್ಬ ಶಿಕ್ಷಕರು): ಬಿರುಕಿನಲ್ಲಿ ನೀರು ಹೆಪ್ಪುಗಟ್ಟಿ ಬಂಡೆ ಒಡೆಯುವುದೂ ಸವೆತವೇ ಅಲ್ವಾ?

ಉತ್ತರ: ಅದನ್ನು ಶಿಥಿಲೀಕರಣ ಅನ್ನುತ್ತೇವೆ ಸರ್. ಬಂಡೆ ಇದ್ದಲ್ಲೇ ಒಡೆಯುವುದು ಶಿಥಿಲೀಕರಣ, ಚೂರುಗಳನ್ನು ಕಿತ್ತು ಬೇರೆಡೆಗೆ ಒಯ್ಯುವುದು ಸವೆತ, ಒಯ್ದದ್ದನ್ನು ಇಳಿಸುವುದು ಸಂಚಯನ. ಚಿಕ್ಕ ಮಕ್ಕಳಿಗೆ ಒಡೆ, ಒಯ್ಯಿ, ಇಳಿಸು ಅಂತ ಹೇಳಿಕೊಡಿ, ಹೆಸರುಗಳು ಆಮೇಲೆ ಬರಲಿ. ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗುತ್ತದೆ. ಪ್ಲಾಸ್ಟಿಕ್ ಬಾಟಲಿಗೆ ಕಂಠಮಟ್ಟ ನೀರು ತುಂಬಿ ಮುಚ್ಚಿ ರಾತ್ರಿ ಫ್ರೀಜರಿನಲ್ಲಿಟ್ಟರೆ ಬೆಳಗ್ಗೆ ಉಬ್ಬಿರುತ್ತದೆ. ಗಾಜಿನ ಬಾಟಲಿ ಮಾತ್ರ ಬೇಡವೇ ಬೇಡ.

ಪ್ರಶ್ನೆ (ಮೊದಲ ಶಿಕ್ಷಕಿ): ಗಾಳಿಯದ್ದು ಮಾಡಲು ಭಯ ಮೇಡಂ, ಕಣ್ಣಿಗೆ ಮರಳು ಹಾರುತ್ತದೆ.

ಉತ್ತರ: ಭಯ ಸರಿಯಾಗಿಯೇ ಇದೆ. ಆಳವಾದ ರಟ್ಟಿನ ಡಬ್ಬ ತೆಗೆದುಕೊಳ್ಳಿ, ಒಂದು ಪಕ್ಕ ಮಾತ್ರ ಕತ್ತರಿಸಿ, ಮೇಲೆ ಪಾರದರ್ಶಕ ಹಾಳೆ ಅಂಟಿಸಿ. ತೊಳೆದು ಒಣಗಿಸಿದ ದಪ್ಪ ಮರಳನ್ನೇ ಬಳಸಿ, ಧೂಳು ಬೇಡ. ಎಲ್ಲರಿಗೂ ಕನ್ನಡಕ. ಸ್ಟ್ರಾ ಕೊಡಬೇಡಿ, ಮಕ್ಕಳು ಉಸಿರು ಒಳಗೆ ಎಳೆದರೆ ಮರಳು ಬಾಯಿಗೆ ಹೋಗುತ್ತದೆ. ರಟ್ಟಿನ ತುಂಡಿನಿಂದ ಬೀಸಿದರೆ ಸಾಕು.

ಡಬ್ಬದಲ್ಲಿ ಮೂರು ಗುಡ್ಡೆ ಇರಲಿ: ಒಣ ಮರಳು, ಒದ್ದೆ ಮರಳು, ಸಣ್ಣ ಕಲ್ಲು ಹಾಸಿದ ಮರಳು. ಒಣದ್ದು ಮಾತ್ರ ಹೋಗುತ್ತದೆ. ಮರುಭೂಮಿಯಲ್ಲಿ ಗಾಳಿ ಯಾಕೆ ಅಷ್ಟು ಕೆಲಸ ಮಾಡುತ್ತದೆ ಅಂತ ಆಗ ಅವರೇ ಹೇಳುತ್ತಾರೆ. ಕಣಗಳು ಹಾರುವುದಿಲ್ಲ, ಕುಪ್ಪಳಿಸುತ್ತವೆ, ಅದನ್ನು ಗಮನಿಸಲು ಹೇಳಿ. ಹೊರಗೂ ಹಾಗೇ, ಗಾಳಿ ಹೊತ್ತ ಮರಳು ಬಹುಪಾಲು ನೆಲದಿಂದ ಒಂದು ಮೀಟರಿನ ಒಳಗೇ ಓಡುತ್ತದೆ. ಅದಕ್ಕೇ ಮರುಭೂಮಿಯ ಎಷ್ಟೋ ಬಂಡೆಗಳ ಬುಡ ಸವೆದು ಅಣಬೆಯ ಹಾಗೆ ಆಗುತ್ತವೆ.

ದೂರ ಹೋಗುವುದು ಧೂಳು. ಸಹಾರಾದಿಂದ ಎದ್ದ ಧೂಳು ಅಟ್ಲಾಂಟಿಕ್ ದಾಟಿ ಅಮೆಜಾನ್ ಕಾಡಿಗೆ ಬೀಳುತ್ತದೆ. ಉಪಗ್ರಹದ ಅಳತೆಯ ಪ್ರಕಾರ ವರ್ಷಕ್ಕೆ ಸರಾಸರಿ 2.8 ಕೋಟಿ ಟನ್ನಿನಷ್ಟು, ಅದರಲ್ಲಿ ಸುಮಾರು 22 ಸಾವಿರ ಟನ್ ರಂಜಕ, ಮರಗಳಿಗೆ ಬೇಕಾದ ಪೋಷಕ. ನಕ್ಷೆ ಬಿಡಿಸಿ ಮಕ್ಕಳು ಬೆರಳಿನಿಂದ ಆ ದಾರಿ ಎಳೆಯಲಿ.

ಪ್ರಶ್ನೆ (ಒಬ್ಬ ತಾಯಿ): ಹಾಗಾದರೆ ಸವೆತ ಒಳ್ಳೆಯದೋ ಕೆಟ್ಟದ್ದೋ? ಮಗ ಕೇಳುತ್ತಿದ್ದಾನೆ. ಪಾಠದಲ್ಲಿ ಬರೀ ತಡೆಯಬೇಕು ಅಂತಿದೆ.

ಉತ್ತರ: ಎರಡೂ ಹೇಳಿ ಅಮ್ಮ. ಸವೆತವಿಲ್ಲದೆ ಮೆಕ್ಕಲು ಮಣ್ಣಿಲ್ಲ, ಮುಖಜ ಭೂಮಿಯಿಲ್ಲ, ಮರಳ ದಂಡೆಯಿಲ್ಲ. ಕೆಡುಕಾಗುವುದು ಹೊಸ ಮಣ್ಣು ಹುಟ್ಟುವುದಕ್ಕಿಂತ ಬೇಗ ಇದ್ದ ಮಣ್ಣು ಹೋದಾಗ. ಅಮೆರಿಕದ ಬಯಲುಗಳಲ್ಲಿ ಹುಲ್ಲು ಕಿತ್ತು ಉತ್ತಿದ್ದರು, 1930ರ ದಶಕದಲ್ಲಿ ಬರ ಬಂತು, ಹಿಡಿದಿಡಲು ಬೇರಿಲ್ಲದ ಮಣ್ಣನ್ನು ಗಾಳಿ ಎತ್ತಿಕೊಂಡು ಹೋಯಿತು. 1935ರ ಏಪ್ರಿಲ್ 14ರ ಬಿರುಗಾಳಿಗೆ ಕಪ್ಪು ಭಾನುವಾರ ಅಂತಲೇ ಹೆಸರು. ಅದೇ ತಿಂಗಳು ಅಲ್ಲಿ ಮಣ್ಣು ಸಂರಕ್ಷಣೆಗೆ ಕಾನೂನು ಬಂತು. ಮನೆಯಲ್ಲಿ ಎರಡು ಟ್ರೇ ಮಾಡಿ, ಒಂದರಲ್ಲಿ ಹುಲ್ಲು ಬೆಳೆಸಿ, ಒಂದನ್ನು ಬರಿದಾಗಿಡಿ, ಎರಡಕ್ಕೂ ಒಂದೇ ಎತ್ತರದಿಂದ ನೀರು ಚಿಮುಕಿಸಿ. ಕೆಳಗೆ ಬಂದ ನೀರಿನ ಬಣ್ಣ ನೋಡಿದರೆ ಅವನಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಪ್ರಶ್ನೆ (ಮೊದಲ ಶಿಕ್ಷಕಿ): ಕಾಲವನ್ನು ಹೇಗೆ ಹೇಳುವುದು? ಲಕ್ಷ ವರ್ಷ ಅಂದರೆ ಅವರಿಗೆ ಸುಮ್ನೆ ದೊಡ್ಡ ಸಂಖ್ಯೆ.

ಉತ್ತರ: ಅಳೆಯಬಹುದಾದ ದೂರದಿಂದ ಶುರು ಮಾಡಿ. ನಯಾಗರ ಜಲಪಾತ ಸುಮಾರು 12 ಸಾವಿರ ವರ್ಷಗಳಲ್ಲಿ ಸುಮಾರು 11 ಕಿ.ಮೀ. ಹಿಂದಕ್ಕೆ ಸರಿದಿದೆ. ಮಕ್ಕಳೇ ಭಾಗಿಸಲಿ, ವರ್ಷಕ್ಕೆ ಒಂದು ಮೀಟರಿನ ಆಸುಪಾಸು ಬರುತ್ತದೆ. ಒಂದು ಮೀಟರ್ ಅಂದರೆ ಅವರದ್ದೇ ಒಂದೆರಡು ಹೆಜ್ಜೆ. ಹುಟ್ಟಿದ ವರ್ಷದಿಂದ ಇಲ್ಲಿವರೆಗೆ ವರ್ಷಕ್ಕೊಂದು ಮೀಟರ್ ಅಂತ ಅಂಗಳದಲ್ಲಿ ಅಳೆದು ನಿಲ್ಲಲಿ. ಆಮೇಲೆ ಕೊಲರಾಡೊ ನದಿ ಕೊರೆದ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೋಗಿ: 446 ಕಿ.ಮೀ. ಉದ್ದ, 1,800 ಮೀಟರಿಗೂ ಜಾಸ್ತಿ ಆಳ, ಐದಾರು ದಶಲಕ್ಷ ವರ್ಷಗಳ ಕೆಲಸ.

ಪ್ರಶ್ನೆ (ಅದೇ ತಂದೆ): ಮಗಳ ಕೊನೆಯ ಪ್ರಶ್ನೆ ಮೇಡಂ. ಇಷ್ಟು ವರ್ಷ ಸವೆದರೂ ಭೂಮಿ ಯಾಕೆ ಇನ್ನೂ ಸಪಾಟಾಗಿಲ್ಲ?

ಉತ್ತರ: ಯಾಕೆಂದರೆ ಕೆಳಗಿನಿಂದ ಎತ್ತುವ ಕೆಲಸವೂ ನಿಂತಿಲ್ಲ. ಸುಮಾರು 5 ಕೋಟಿ ವರ್ಷಗಳಿಂದ ಭಾರತದ ಭೂಫಲಕ ಏಷ್ಯಾವನ್ನು ತಳ್ಳುತ್ತಲೇ ಇದೆ, ಹಿಮಾಲಯ ಇವತ್ತಿಗೂ ವರ್ಷಕ್ಕೆ ಕೆಲವು ಮಿಲಿಮೀಟರ್ ಏಳುತ್ತಿದೆ. ಎವರೆಸ್ಟಿನ ತುದಿಯ ಸುಣ್ಣದ ಕಲ್ಲಿನಲ್ಲಿ ಸಮುದ್ರ ಜೀವಿಗಳ ಪಳೆಯುಳಿಕೆ ಇದೆ, ಒಂದು ಕಾಲಕ್ಕೆ ಅದು ಕಡಲ ತಳ. ಅದೇ ಹಿಮಾಲಯದಿಂದ ನದಿಗಳು ತಂದ ಹೂಳು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿ.ಮೀ. ಉದ್ದಕ್ಕೆ ಹರಡಿಕೊಂಡಿದೆ, ಟ್ರೇಯ ಬೀಸಣಿಗೆಯ ಆಕಾರದಲ್ಲೇ. ಅವಳಿಗೆ ಭೂಪಟ ಕೊಟ್ಟು ಈ ಹೂಳು ಮುಂದೊಂದು ಕಾಲಕ್ಕೆ ಏನಾಗಬಹುದು ಅಂತ ಕೇಳಿ. ಉತ್ತರ ಬಂದರೆ ಇಲ್ಲಿ ಬರೆಯಿರಿ, ನಾನು ಓದಲು ಕಾಯುತ್ತಿರುತ್ತೇನೆ.