ಲಾರಿ ಇಂಜಿನ್ ಬೋರಿಗೆ ಬಂದಿದೆ ಅಂತಾರೆ, ನಾನೇ ಬಿಚ್ಚಲಾ?

ಮದ್ದೂರು_ಗಾಡಿ:
ತಲೆ ಕೆಟ್ಟೋಗಿದೆ. ಗಾಡಿ ನೀಲಿ ಹೊಗೆ ಉಗುಳ್ತಿದೆ, ಎಣ್ಣೆ ಕುಡೀತಿದೆ, ಲೋಡ್ ಇದ್ರೆ ಎಳೆಯಲ್ಲ. ಮೊನ್ನೆ ಜಕ್ಕನಹಳ್ಳಿ ದಾಟಿ ಮೇಲುಕೋಟೆ ಏರಲ್ಲಿ ಫಸ್ಟ್ ಗೇರಿಗೆ ಬಂತು, ಹಿಂದಿದ್ದ ಬಸ್ಸಿನೋನು ಹಾರ್ನ್ ಹೊಡೆದೂ ಹೊಡೆದೂ ಮಾನ ಕಳೆದ. ಗ್ಯಾರೇಜಿಗೆ ಹೋದ್ರೆ ಬಾನೆಟ್ ಎತ್ತದೇನೇ "ಬೋರಿಗೆ ಬಂದಿದೆ, ಫುಲ್ ಇಂಜಿನ್ ಕೆಲಸ" ಅಂದ್ರು, ಅಂದ್ರೆ ಸಿಲಿಂಡರ್ ಒಳಗೋಡೆ ಸವೆದಿದೆಯಂತೆ. ಕೇಳಿದ ದುಡ್ಡು ನೋಡಿದ್ರೆ ಗಾಡಿ ಅಲ್ಲೇ ಬಿಟ್ಟು ಬರೋಣ ಅನ್ನಿಸ್ತು. ಪಂಪ್‌ಸೆಟ್ ಇಂಜಿನ್ ಎರಡು ಸಲ ಬಿಚ್ಚಿ ಕೂರಿಸಿದ್ದೀನಿ. ಫ್ಯಾಕ್ಟ್ರಿ ಶುರುವಾದ್ರೆ ಕಬ್ಬು ಹೊಡೀಬೇಕು. ನಾನೇ ಮಾಡ್ಕೊಳ್ಳಲಾ? ಬೇಗ ಹೇಳಿ.

ಬನ್ನಿಮಂಟಪದವ:
ಪಿಸ್ಟನ್ ರಿಂಗ್ ಸವೆದಿದೆ. ಅನುಮಾನವೇ ಬೇಡ. ಇಂಜಿನ್ ಬಿಸಿಯಾದ ಮೇಲೆ ಎಣ್ಣೆ ಹಾಕೋ ಮುಚ್ಚಳ ತೆಗೆದು ಅಂಗೈ ಹಿಡಿ. ಬುಸ್ ಬುಸ್ ಅಂತ ಗಾಳಿ ತಳ್ಳಿದ್ರೆ ಬ್ಯಾಕ್ ಕಂಪ್ರೆಷನ್, ಒತ್ತಡ ರಿಂಗ್ ದಾಟಿ ಕೆಳಕ್ಕೆ ಸೋರ್ತಿದೆ ಅಂತ. ಇಳಿಸು, ಬೋರ್ ಹೊಡೆಸು.

ಹಳೇ_ಸ್ಪ್ಯಾನರ್:
ಗಾಡಿ ಯಾವ್ದಪ್ಪಾ? ಎಷ್ಟನೇ ಮಾಡೆಲ್ಲು? ಹೊಗೆ ಯಾವಾಗ ಬರುತ್ತೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಏರಲ್ಲೋ, ಇಳಿಜಾರಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗಲೋ? ಕೊನೇದಾದ್ರೆ ನಾನು ಮೊದಲು ವಾಲ್ವ್ ಗೈಡ್ (ವಾಲ್ವಿನ ಕಡ್ಡಿ ಆಡೋ ಕೊಳವೆ) ಕಡೆ ನೋಡ್ತೀನಿ. ಬ್ರೇಕಿನ ಏರ್ ಟ್ಯಾಂಕ್ ಡ್ರೈನ್ ಮಾಡಿದ್ರೆ ಎಣ್ಣೆ ಬರುತ್ತಾ ಅದನ್ನೂ ಹೇಳು. ಬ್ರೇಕ್ ಕಂಪ್ರೆಸರ್ ಸವೆದಿದ್ರೂ ಇಂಜಿನ್ ಎಣ್ಣೆ ಕಮ್ಮಿಯಾಗುತ್ತೆ, ಅದಕ್ಕೆ ಹೊಗೆ ಬೇಕಾಗಿಲ್ಲ.

ಲೇಲ್ಯಾಂಡ್_ಮಗ:
ಲೇಲ್ಯಾಂಡ್ ಆಗಿದ್ರೆ ಈ ಪ್ರಶ್ನೇನೇ ಇರ್ತಿರಲಿಲ್ಲ 😄

ಮದ್ದೂರು_ಗಾಡಿ:
ಲಾರಿ ಅಂದ್ರೆ ಟಾಟಾ 1210 ಅಲ್ವಾ ಅಣ್ಣ, ಇನ್ಯಾವ್ದು. 697 ಇಂಜಿನ್, 92ರ ಮಾಡೆಲ್. ಏರ್ ಟ್ಯಾಂಕಲ್ಲಿ ನೀರು ಮಾತ್ರ ಬಂತು. ಹೊಗೆ ಯಾವಾಗ್ಲೂ ಬರುತ್ತೆ, ರೇಸ್ ಕೊಟ್ಟಷ್ಟೂ ಜಾಸ್ತಿ. ಮುಚ್ಚಳ ತೆಗೆದ್ರೆ ಸ್ವಲ್ಪ ಗಾಳಿ ತಳ್ಳುತ್ತೆ.

ಬನ್ನಿಮಂಟಪದವ:
ಹೇಳಿದ್ನಲ್ಲ, ರಿಂಗ್.

ಪಾಂಡವಪುರ_ಡೀಸೆಲ್:
ಅಷ್ಟು ಹಳೇ ಇಂಜಿನ್ ಸ್ವಲ್ಪ ತಳ್ಳೇ ತಳ್ಳುತ್ತೆ ಗುರು, ಅದನ್ನೇ ನಂಬಿ ಬಿಚ್ಚಬಾರದು. ಡೀಸೆಲ್ ಚಿಮ್ಮಿಸೋ ನಾಜಲ್ ತೆಗೆದು ಆರೂ ಸಿಲಿಂಡರಿಗೆ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ಹಾಕಿ ನೋಡು. ಆರೂ ಹತ್ತಿರ ಹತ್ತಿರ ಇದ್ರೆ ಒಂದು ಲೆಕ್ಕ, ಒಂದೇ ಬಿದ್ದಿದ್ರೆ ಇನ್ನೊಂದು ಲೆಕ್ಕ. ಬಿದ್ದಿರೋ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡು. ಏರಿದ್ರೆ ರಿಂಗು, ಏರದಿದ್ರೆ ವಾಲ್ವು. ಲೋಟದಲ್ಲಿ ಸುರೀಬೇಡ. ಡೀಸೆಲ್ ಇಂಜಿನಲ್ಲಿ ಪಿಸ್ಟನ್ ಮೇಲೆ ಜಾಗ ಇರೋದೇ ಇಷ್ಟು, ಕನೆಕ್ಟಿಂಗ್ ರಾಡ್ ಬಗ್ಗುತ್ತೆ.

ಕೆಆರ್‌ಪೇಟೆ_ಹುಡುಗ:
ಇಷ್ಟೆಲ್ಲ ಯಾಕೆ? ಗುಜರಿಯಲ್ಲಿ ಸೆಕೆಂಡ್ ಇಂಜಿನ್ ತಂದು ಕೂರಿಸಿ.

ಪಾಂಡವಪುರ_ಡೀಸೆಲ್:
ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತಪ್ಪಾ. ಆರ್‌ಟಿಓದಲ್ಲಿ ಬರೆಸದೆ ಬದಲಾಯಿಸಿ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ನಿಲ್ಲಿಸು, ಆಮೇಲೆ ಗೊತ್ತಾಗುತ್ತೆ.

ಬನ್ನಿಮಂಟಪದವ:
ಗೇಜು ಗೀಜು ಎಲ್ಲ ಟೈಮ್ ವೇಸ್ಟ್. ಸಿಲಿಂಡರ್ ಮೇಲಿನ ಹೆಡ್ ಇಳಿಸು, ಬೋರಿನ ಮೇಲ್ಗಡೆ ಉಗುರಾಡಿಸು, ಸವೆತದ ಮೆಟ್ಟಿಲು ಸಿಕ್ಕುತ್ತೆ. ಹೆಡ್ ಬೋಲ್ಟ್ ಕೈ ಅಂದಾಜಲ್ಲೇ ಬಿಗಿ ಮಾಡಬಹುದು, ಮೂವತ್ತು ವರ್ಷದಿಂದ ಮಾಡ್ತಿದ್ದೀನಿ.

ಪಾಂಡವಪುರ_ಡೀಸೆಲ್:
ಅದಕ್ಕೇ ಗ್ಯಾಸ್ಕೆಟ್ ಹೋಗಿರೋ ಗಾಡಿಗಳು ನಮ್ಮತ್ರ ಬರೋದು. ಬಿಗಿ ಅಳೆಯೋ ಟಾರ್ಕ್ ರೆಂಚ್ ಇಲ್ದೆ ಹೆಡ್ ಮುಟ್ಟಬೇಡ. ನಡುವಿಂದ ಹೊರಕ್ಕೆ, ಎರಡು ಮೂರು ಸುತ್ತಲ್ಲಿ ಬಿಗೀಬೇಕು.

ಬನ್ನಿಮಂಟಪದವ:
ನೀನು ಹುಟ್ಟೋಕೆ ಮುಂಚೆ ನಾನು ಹೆಡ್ ಇಳಿಸಿದ್ದೀನಿ ಕಣಪ್ಪ.

ಬೆಂಜ್_ಪ್ರೇಮಿ:
697 ಅಂದ ತಕ್ಷಣ ನೆನಪಾಯ್ತು. ಟಾಟಾದೋರು ಜರ್ಮನಿಯ ಬೆಂಜ್ ಜೊತೆ ಕೈ ಜೋಡಿಸಿದ್ದು 1954ರಲ್ಲಿ, ಬಿಟ್ಟಿದ್ದು 1969ರಲ್ಲಿ. ನಮ್ಮ ತಾತನ ಗಾಡಿ ಮೂತಿಯಲ್ಲಿ ಮೂರು ಮೂಲೆ ನಕ್ಷತ್ರ ಈಗಲೂ ಇದೆ. ಆಯುಧಪೂಜೆಗೆ ಬೂದುಗುಂಬಳ ಒಡೆದು ಮಾನಂದವಾಡಿ ರಸ್ತೇಲಿ ಒಂದು ರೌಂಡ್ ಬಿಟ್ರೆ ಜನ ನಿಂತು ನೋಡ್ತಾರೆ. ಹೋದ ವರ್ಷ ಮೂರು ಸ್ವರದ ಏರ್ ಹಾರ್ನ್ ಹಾಕಿಸಿದೆ. ಫೋಟೋ ಹಾಕ್ಲಾ?

ಲೇಲ್ಯಾಂಡ್_ಮಗ:
ಹಾಕಿ ಹಾಕಿ. ಹಾರ್ನ್ ಎಲ್ಲಿ ತಗೊಂಡ್ರಿ?

ಹಳೇ_ಸ್ಪ್ಯಾನರ್:
ಹಾರ್ನ್ ಆಮೇಲೆ. ಮದ್ದೂರಿನವನೇ, ಹೊಗೆ ಶುರುವಾಗೋ ಮುಂಚೆ ಗಾಡಿಗೆ ಏನು ಮಾಡ್ದೆ? ಏರ್ ಕ್ಲೀನರ್ ಬಟ್ಟಲಲ್ಲಿ ಎಣ್ಣೆ ಹಾಕಿ ಧೂಳು ಹಿಡಿಯೋದಾ, ಪೇಪರ್ ಫಿಲ್ಟರಾ?

ಮದ್ದೂರು_ಗಾಡಿ:
ಎಣ್ಣೇದೇ. ಹಿಂದಿನ ವಾರ ನಾನೇ ಸರ್ವಿಸ್ ಮಾಡ್ದೆ. ಬಟ್ಟಲು ಖಾಲಿ ಇದ್ದಂಗಿತ್ತು, ಧೂಳು ಚೆನ್ನಾಗಿ ಹಿಡೀಲಿ ಅಂತ ತುಂಬಾ ಹಾಕಿದೀನಿ. ಅದು ಹೇಳೋ ವಿಷಯಾನಾ?

ಹಳೇ_ಸ್ಪ್ಯಾನರ್:
ಅಯ್ಯೋ ದೇವ್ರೇ. ಬಟ್ಟಲ ಒಳಗಡೆ ಗೆರೆ ಇದೆಯಲ್ಲ, ಎಣ್ಣೆ ಅಲ್ಲೀತನಕ ಮಾತ್ರ. ಮೇಲೆ ಹೋದ್ರೆ ಗಾಳಿ ಜೊತೆ ಇಂಜಿನ್ ಒಳಕ್ಕೇ ಹೋಗುತ್ತೆ, ನೀಲಿ ಹೊಗೆ ಬರದೆ ಇನ್ನೇನು ಬರುತ್ತೆ? ಜಾಸ್ತಿ ಹೀರಿಕೊಂಡ್ರೆ ಕಾಲು ತೆಗೆದ್ರೂ ಇಂಜಿನ್ ತಾನಾಗೇ ಏರ್ತಾ ಹೋಗುತ್ತೆ, ಕೀ ತೆಗೆದ್ರೂ ನಿಲ್ಲಲ್ಲ. ಈಗಲೇ ಬಟ್ಟಲು ಬಿಚ್ಚು.

ಮದ್ದೂರು_ಗಾಡಿ:
ಬಿಚ್ದೆ ಅಣ್ಣ. ಗೆರೆಗಿಂತ ಎರಡು ಬೆರಳು ಮೇಲಿತ್ತು. ತಳದಲ್ಲಿ ಕರೀ ಕೆಸರು, ಅದರಲ್ಲಿ ಕಬ್ಬಿನ ರವದಿ ಚೂರು, ಒಂದು ಸತ್ತ ಮಿಡತೆ. ಒಳಗಿನ ಜಾಲರಿಯನ್ನ ಡೀಸೆಲಲ್ಲಿ ಅದ್ದಿ ಅದ್ದಿ ತೊಳೆದಾಗ ಮೂರನೇ ಬಕೆಟ್ಟಿಗೆ ಬೆಳಕು ಕಾಣಿಸ್ತು. ಗೆರೆ ತನಕ ಹೊಸ ಎಣ್ಣೆ ಹಾಕಿ ಗೆಜ್ಜಲಗೆರೆ ತನಕ ಖಾಲಿ ಗಾಡಿ ಓಡಿಸ್ದೆ. ಹೊಗೆ ಮುಕ್ಕಾಲು ಪಾಲು ನಿಂತಿದೆ. ಎಳೀತಾನೂ ಇದೆ. ಆದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಇನ್ನೂ ಬರುತ್ತೆ. ಅದಕ್ಕೆ ಬಿಚ್ಚಲಾ?

ಹಳೇ_ಸ್ಪ್ಯಾನರ್:
ಈಗ ಬೇಡ. ಎಣ್ಣೆ ಅಳೆದು ಹಾಕು, ಎಷ್ಟು ಕಿಲೋಮೀಟರಿಗೆ ಎಷ್ಟು ಕಮ್ಮಿಯಾಯ್ತು ಅಂತ ಪುಸ್ತಕದಲ್ಲಿ ಬರಿ. ಟ್ಯಾಪೆಟ್ (ವಾಲ್ವ್ ಸಂದು) ಹೊಂದಿಸೋದು, ನಾಜಲ್ ಇಳಿಸೋದು, ಬೇಕಾದ್ರೆ ಹೆಡ್ಡು, ಇಷ್ಟು ನೀನು ಮಾಡ್ಕೊ. ಬೋರು, ಕ್ರ್ಯಾಂಕು ಲೇತಿನೋರಿಗೆ ಬಿಡು. ಪಂಪ್‌ಸೆಟ್ ಎತ್ತಿದಂಗಲ್ಲ ಇದು, ನಾನೂರು ಕೆಜಿಗೂ ಮೇಲಿರುತ್ತೆ. ಚೈನ್ ಬ್ಲಾಕನ್ನ ದನದ ಕೊಟ್ಟಿಗೆ ತೊಲೆಗೆ ಕಟ್ಟಬೇಡ.

ಬನ್ನಿಮಂಟಪದವ:
ಬೆಳಿಗ್ಗೆ ಹೊಗೆ ಬರ್ತಿದೆ ತಾನೆ? ರಿಂಗ್. ಇವತ್ತಲ್ಲ ನಾಳೆ ನಮ್ಮತ್ರಾನೇ ಬರ್ತೀಯ.

ಮದ್ದೂರು_ಗಾಡಿ:
ಮಂಡ್ಯದಲ್ಲಿ ಕಂಪ್ರೆಷನ್ ಗೇಜ್ ಬಾಡಿಗೆಗೆ ಯಾರಾದ್ರೂ ಕೊಡ್ತಾರಾ? 697ರ ನಾಜಲ್ ಜಾಗಕ್ಕೆ ಕೂರೋ ಅಡಾಪ್ಟರ್ ಸಮೇತ ಬೇಕು.

ಬೆಂಜ್_ಪ್ರೇಮಿ:
ಫೋಟೋ ಹಾಕಿದ್ದೀನಿ ನೋಡಿ. ಬಂಪರ್ ಮೇಲಿರೋದೇ ಆ ಹಾರ್ನು.