ಧಾರಣೆಯ ಮುಂದಿನ ಖಾಲಿ ಚೌಕ ಯಾರ ತಪ್ಪು?

ತೋಟದವನು, ತೀರ್ಥಹಳ್ಳಿ: ಮಂಡಿಯಿಂದ ಕನ್ನಡದಲ್ಲಿ ಅಡಿಕೆ ಧಾರಣೆಯ ಎಸ್‌ಎಂಎಸ್ ಬರುತ್ತದೆ. ಅಪ್ಪನ ಹಳೆಯ ಮೊಬೈಲ್‌ನಲ್ಲಿ ರಾಶಿ, ಬೆಟ್ಟೆ, ಸರಕು, ಎಲ್ಲ ಬಗೆಯ ಅಡಿಕೆಯ ಮುಂದೆಯೂ ₹ ಬದಲು ಖಾಲಿ ಚೌಕ. ಕಳುಹಿಸುವವರಿಗೆ ₹ ಬರೆಯಲು ಬರುವುದಿಲ್ಲವೇ?

ಸಾಗರದ ಸಾಫ್ಟ್‌ವೇರ್: ಬರೆದಿದ್ದಾರೆ, ಬಂದೂ ಇದೆ. ಬರುವುದು ಚಿತ್ರವಲ್ಲ, ಸಂಖ್ಯೆ. ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಪಟ್ಟಿಯಾದ ಯೂನಿಕೋಡ್‌ನಲ್ಲಿ ₹ ಎಂದರೆ 8377. ಆ ಸಂಖ್ಯೆಗೆ ಅಪ್ಪನ ಮೊಬೈಲ್‌ನ ಫಾಂಟ್‌ನಲ್ಲಿ ಚಿತ್ರವಿಲ್ಲ, ಅಷ್ಟೇ. ಸರ್ಕಾರ ಈ ಚಿಹ್ನೆಯನ್ನು ಒಪ್ಪಿದ್ದು 2010ರ ಜುಲೈನಲ್ಲಿ, ಯೂನಿಕೋಡ್‌ಗೆ ಸೇರಿದ್ದು ಅದೇ ಅಕ್ಟೋಬರ್‌ನಲ್ಲಿ. ಅದಕ್ಕಿಂತ ಹಳೆಯ ಫಾಂಟ್‌ಗೆ ಕನಸು ಬೀಳಬೇಕಿತ್ತೇ?

ಡಿಟಿಪಿ ಅಜ್ಜ, ಶಿವಮೊಗ್ಗ: “ಅಷ್ಟೇ” ಅಂತೆ! ಇಪ್ಪತ್ತು ವರ್ಷ ಲಗ್ನಪತ್ರಿಕೆ ಮಾಡಿದ್ದೇನೆ. ಹಳೆಯ ಫಾಂಟ್‌ಗಳಲ್ಲಿ ಒಂದು ಚೌಕವನ್ನೂ ಕಂಡವನಲ್ಲ.

ಸಾಗರದ ಸಾಫ್ಟ್‌ವೇರ್: ಚೌಕ ಎಲ್ಲಿಂದ ಬರಬೇಕು? ಅವು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಮದುಮಗನ ಹೆಸರು ಇಂಗ್ಲಿಷ್ ಕಲಸುಮೇಲೋಗರ.

ಡಿಟಿಪಿ ಅಜ್ಜ: ಕಲಸುಮೇಲೋಗರವೇ? ನಿಮ್ಮ ಯೂನಿಕೋಡ್‌ಗೆ ಬದಲಾಯಿಸಿದ ನನ್ನದೇ ಕಡತದಲ್ಲಿ ಆಗುಂಬೆ ಹುಡುಕಿದರೆ “ಸಿಗಲಿಲ್ಲ” ಎನ್ನುತ್ತದೆ. ಕಣ್ಣೆದುರೇ ಇದೆ, ನೋಡಿ: ಆಗು೦ಬೆ.

ಸಾಗರದ ಸಾಫ್ಟ್‌ವೇರ್: ನೀವು ಅಂಟಿಸಿದ್ದು ಅನುಸ್ವಾರವಲ್ಲ, ಕನ್ನಡದ ಅಂಕಿ ಸೊನ್ನೆ. ಅನುಸ್ವಾರ 3202, ಸೊನ್ನೆ 3302. ಊರಿನ ಹೆಸರಿನ ನಡುವೆ ಅಂಕಿ ಕೂತಿದೆ.

ಹೊಸನಗರದ ಮೇಷ್ಟರು: ಸೊನ್ನೆಯೇ ಸರಿ. ಮೂವತ್ತು ವರ್ಷ ಮಕ್ಕಳಿಗೆ “ಗು ಸೊನ್ನೆ ಗುಂ” ಎಂದೇ ಹೇಳಿಕೊಟ್ಟಿದ್ದೇನೆ. ನೋಡಲು ಒಂದೇ ಇರುವುದಕ್ಕೆ ಎರಡು ಸಂಖ್ಯೆ ಕೊಟ್ಟವರನ್ನು ಕೇಳಿ.

ಸಾಗರದ ಸಾಫ್ಟ್‌ವೇರ್: ಹಾಗಾದರೆ ೧೦೧ ರೂಪಾಯಿ ಮುಯ್ಯಿಯನ್ನು “ಒಂದು ಅಂ ಒಂದು” ಎಂದು ಓದುತ್ತೀರಾ?

ಹೊಸನಗರದ ಮೇಷ್ಟರು: ನಾನು ಎಷ್ಟು ಮುಯ್ಯಿ ಹಾಕುತ್ತೇನೆಂಬುದು ನಿಮಗೇಕೆ? ಹಿರಿಯರೊಡನೆ ಮಾತನಾಡುವ ರೀತಿಯೇ ಇದು?

ಡಿಟಿಪಿ ಅಜ್ಜ: ಬಿಡಿ ಮೇಷ್ಟರೇ. ಸೊನ್ನೆ ಒತ್ತಿದ್ದು ನಾನಲ್ಲ, ಕಡತವನ್ನು ಬದಲಾಯಿಸಿಕೊಟ್ಟ ಇವರಂಥವರ ತಂತ್ರಾಂಶ.

ಸಾಗರದ ಸಾಫ್ಟ್‌ವೇರ್: ಅದು ಪರಿವರ್ತಕದ ತಪ್ಪು, ಯೂನಿಕೋಡ್‌ನದ್ದಲ್ಲ. ಸೊನ್ನೆಗಳನ್ನೆಲ್ಲ ಒಮ್ಮೆಗೇ ಅನುಸ್ವಾರಕ್ಕೆ ಬದಲಿಸಿ, ಆಗುಂಬೆ ಸಿಗುತ್ತದೆ.

ಕೊಪ್ಪದ ಕಾಫಿ: ₹ ಬಿಟ್ಟು “ರೂ.” ಹಾಕಿದರೆ ಮುಗಿಯಿತು. ₹ ಒಂದು ಸೇರಿದರೂ ಎಸ್‌ಎಂಎಸ್ ಮಿತಿ 160 ಅಕ್ಷರದಿಂದ 70ಕ್ಕೆ ಇಳಿಯುತ್ತದೆ, ಗೊತ್ತಿರಲಿ.

ಸಾಗರದ ಸಾಫ್ಟ್‌ವೇರ್: ಇಂಗ್ಲಿಷ್ ಸಂದೇಶಕ್ಕೆ ಆ ಮಾತು. ಕನ್ನಡದ್ದು ಮೊದಲೇ 70ರ ಲೆಕ್ಕದಲ್ಲಿದೆ. ಅಲ್ಲಿ ₹ ಒಂದು ಸಂಕೇತ, ನಿಮ್ಮ “ರೂ.” ಮೂರು: ರ, ಊಕಾರ, ಚುಕ್ಕಿ.

ಕೊಪ್ಪದ ಕಾಫಿ: ಚುಕ್ಕಿ ಬಿಟ್ಟರೆ ಎರಡೇ.

ತೋಟದವನು: ಅಪ್ಪ ಚೌಕವನ್ನೇ ರೂಪಾಯಿ ಎಂದು ಓದಿಕೊಳ್ಳುತ್ತಾರಂತೆ. ಅವರ ತಕರಾರು ಧಾರಣೆಯ ಬಗ್ಗೆ ಮಾತ್ರ.

ಡಿಟಿಪಿ ಅಜ್ಜ: ಹೇಳಿದಂತೆ ಬದಲಿಸಿದೆ. ಆಗುಂಬೆ ಸಿಕ್ಕಿತು. ಹತ್ತನೆಯ ಪುಟ ಈಗ “೧ಂ” ಆಗಿದೆ, ಇಪ್ಪತ್ತನೆಯದು “೨ಂ”. ಹೇಳಿಕೊಟ್ಟ ಪುಣ್ಯಾತ್ಮರು ಎಲ್ಲಿದ್ದಾರೆ?